ವಾರಕ್ಕೆ ಎಷ್ಟು ಮೈಲಿ? — ಓಟದ ಪ್ರಮಾಣವಿಚಾರ

ಪಂದ್ಯದಲ್ಲಿ ಗೆಲ್ಲಬೇಕೆಂಬ ಆಸೆಯಿಲ್ಲದೆ, ದೇಹಾರೋಗ್ಯಕ್ಕಾಗಿಯೂ ಮನಸ್ಸಿನ ಉಲ್ಲಾಸಕ್ಕಾಗಿಯೂ ಓಡುವ ಗೃಹಸ್ಥರ ಸಂಖ್ಯೆಯು ನಮ್ಮ ನಾಡಿನಲ್ಲಿ ಈಚಿನ ವರ್ಷಗಳಲ್ಲಿ ಬಹಳವಾಗಿ ಹೆಚ್ಚಿರುವುದು. ೨೦೦೮ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರುಗಳ ದೊಡ್ಡ ಸಾರ್ವಜನಿಕ ಓಟವೊಂದು ಮೊದಲಾಯಿತು. ಆ ಬಳಿಕ ಕಬ್ಬನ್ ಪಾರ್ಕಿನಲ್ಲಿಯೂ ಲಾಲ್‌ಬಾಗಿನಲ್ಲಿಯೂ ಮುಂಜಾನೆ ಓಡುವವರ ಗುಂಪುಗಳು ಕಾಣದ ದಿನವಿಲ್ಲ. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ೧೮೬೪ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಸುತ್ತಣ ದಾರಿಯೇ ಇಂಥವರಿಗೆ ಆಶ್ರಯ. ಬ್ಯಾಂಕಿನ ಗುಮಾಸ್ತರು, ವಕೀಲರು, ಉಪಾಧ್ಯಾಯಿನಿಯರು, ಮೊಮ್ಮಕ್ಕಳನ್ನು ಕಂಡವರು, ಎಲ್ಲರೂ ಅಲ್ಲಿರುವರು. ನಿವೃತ್ತರಾದ ಮೇಲೆ ನಾವೂ ಅಲ್ಲಿ ನಡೆಯುತ್ತ, ನಡುನಡುವೆ ಕೊಂಚ ಓಡುತ್ತ, ಹೆಚ್ಚಾಗಿ ಇತರರ ಮಾತನ್ನು ಕೇಳುತ್ತ ಇರುವೆವು.

ಈ ಜನರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: “ತಮ್ಮದು ವಾರಕ್ಕೆ ಎಷ್ಟಾಗುತ್ತದೆ?” ಪೂರ್ವಕಾಲದಲ್ಲಿ ಸಂಬಳವೆಷ್ಟೆಂದು ಕೇಳುತ್ತಿದ್ದ ಹಾಗೆ ಈಗ ಮೈಲಿಯನ್ನು ಕೇಳುವರು. ಉತ್ತರವಾಗಿ ಒಂದು ಅಂಕಿಯು ಬರುವುದು. ಆ ಅಂಕಿಯು ಎಲ್ಲಿಂದ ಬಂತೆಂದು ಕೇಳಿದರೆ ಮಾತ್ರ ಬಹು ಮಂದಿ ತಡವರಿಸುವರು. ವಿಚಾರಿಸತಕ್ಕ ವಿಷಯವು ಇದೇ ಎಂದು ನಮಗೆ ತೋರಿತು. ಏಕೆಂದರೆ ಅಂಕಿಯನ್ನು ಗೊತ್ತುಮಾಡುವ ಬಗೆಯು ತಪ್ಪಿದಲ್ಲಿ, ಆರೋಗ್ಯಕ್ಕೆಂದು ಹೊರಟವನು ಕುಂಟುತ್ತ ಮನೆಗೆ ಬರುವುದನ್ನು ನಾವು ಕಣ್ಣಾರೆ ಕಂಡಿರುವೆವು.

ಕೆಲವರಿಗೆ ಅಂಕಿಯು ಪೂರ್ಣವಾಗಿರಬೇಕು, ಅಷ್ಟೆ. “ವಾರಕ್ಕೆ ಐವತ್ತು ಕಿಲೋಮೀಟರು” ಎಂದು ಒಬ್ಬ ಮಹನೀಯರು ನಮಗೆ ಹೇಳಿದರು. ಐವತ್ತೇ ಏಕೆಂದು ಕೇಳಿದುದಕ್ಕೆ ನಕ್ಕರು. ಐವತ್ತು ಕಿಲೋಮೀಟರೆಂದರೆ ಮೂವತ್ತೊಂದು ಮೈಲಿ. ಇವರು ಮೈಲಿಯ ಲೆಕ್ಕವಿರುವ ಅಮೆರಿಕದಲ್ಲಿ ಹುಟ್ಟಿದ್ದರೆ ಮೂವತ್ತಕ್ಕೆ ತೃಪ್ತರಾಗಿ ಮನೆಗೆ ಹೋಗುತ್ತಿದ್ದರು. ದೇಹಕ್ಕೆ ದಶಮಾನ ಪದ್ಧತಿಯು ತಿಳಿಯದು. ಮತ್ತೆ ಕೆಲವರಿಗೆ ಮಣಿಕಟ್ಟಿನ ಗಡಿಯಾರವೇ ಗುರು. ಅದು ನಾಡಿಯನ್ನೂ ಹೆಜ್ಜೆಯನ್ನೂ ಎಣಿಸಿ, ಕಳೆದ ವಾರಕ್ಕಿಂತ ಕಡಿಮೆಯಾಯಿತೆಂದು ಚಿತ್ರ ಬರೆದು ತೋರಿಸುವುದು. ಇನ್ನು ಕೆಲವರು ಒಂದು ಪಂದ್ಯಕ್ಕೆ ಹೆಸರು ಕೊಟ್ಟು, ಅದು ಇಪ್ಪತ್ತೊಂದು ಕಿಲೋಮೀಟರಿನದಾದರೆ ಆ ತಾರೀಖಿನಿಂದ ಹಿಂದಕ್ಕೆ ವಾರಗಳನ್ನು ಎಣಿಸಿ, ಅಚ್ಚಾದ ಪಟ್ಟಿಯ ಪ್ರಕಾರ ನಡೆಯುವರು. ಕಡೆಯವರಾಗಿ, ಎಂಟು ಗಂಟೆಗೆ ಕಛೇರಿಯ ಬಸ್ಸು, ಏಳಕ್ಕೆ ಮಕ್ಕಳ ಶಾಲೆ, ಆದುದರಿಂದ ನಲವತ್ತು ನಿಮಿಷ ಮಾತ್ರ ಎನ್ನುವವರು ಉಂಟು. ಅಷ್ಟರಲ್ಲಿ ಆದಷ್ಟು ಇವರ ಮೈಲಿ. ಎಲ್ಲರಲ್ಲಿಯೂ ಇವರೇ ವಿವೇಕಿಗಳೆಂದು ನಮ್ಮ ಅಭಿಮತ. ಕಾರಣವನ್ನು ಮುಂದೆ ಹೇಳುವೆವು.

ದೊಡ್ಡ ಅಂಕಿಗಳ ಮೋಹವು ಸಾಮಾನ್ಯ ಜನರಿಗೆ ಹೇಗೆ ತಗುಲಿತೆಂಬುದಕ್ಕೆ ಒಂದು ಚರಿತ್ರೆಯಿದೆ. ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ನಗರದಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬಾತನು ಪಾದರಕ್ಷೆ ಮಾಡುವ ಕೆಲಸದಲ್ಲಿದ್ದನು. ಆತನು ವರ್ಷಗಟ್ಟಲೆ ತನ್ನ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ಕೆಲವು ವಾರ ಅತಿ ಕಡಿಮೆಯಾಗಿಯೂ ಕೆಲವು ವಾರ ಅತಿ ಹೆಚ್ಚಾಗಿಯೂ ಓಡಿ ನೋಡಿ, ಕಡೆಗೆ ವಾರಕ್ಕೆ ನೂರು ಮೈಲಿಯೆಂದು ಗೊತ್ತುಮಾಡಿದನು. ಆತನ ಶಿಷ್ಯರಾದ ಪೀಟರ್ ಸ್ನೆಲ್, ಮರ್ರೆ ಹಾಲ್‌ಬರ್ಗ್ ಇಬ್ಬರೂ ೧೯೬೦ರ ರೋಮ್ ಒಲಿಂಪಿಕ್ ಪಂದ್ಯಗಳಲ್ಲಿ ಒಂದೇ ದಿನ ಸ್ವರ್ಣಪದಕಗಳನ್ನು ಪಡೆದರು. ಲೋಕವು ನೂರು ಎಂಬ ಅಂಕಿಯನ್ನು ಹಿಡಿದುಕೊಂಡಿತು. ಆ ನೂರು ಮೈಲಿಯು ಎಳೆಯ ವಯಸ್ಸಿನ ಸ್ಪರ್ಧಿಗಳಿಗೆ, ವರ್ಷಗಳ ಅಭ್ಯಾಸದ ಮೇಲೆ ಹೇಳಿದ್ದೆಂಬುದನ್ನು ಮರೆಯಿತು.

ಅದೇ ಲಿಡಿಯಾರ್ಡನು ಸ್ವಲ್ಪ ಕಾಲದಲ್ಲಿಯೇ ಮಾಡಿದ ಇನ್ನೊಂದು ಕೆಲಸವು ನಮ್ಮಂಥವರಿಗೆ ಹೆಚ್ಚು ಉಪಯುಕ್ತವಾದುದು. ಆತನು ಆಕ್ಲೆಂಡಿನಲ್ಲಿ ಮಧ್ಯವಯಸ್ಕರನ್ನೂ, ಹೃದ್ರೋಗದಿಂದ ಎದ್ದವರನ್ನೂ ಸೇರಿಸಿ, ಮಾತನಾಡುತ್ತ ಮಾತನಾಡುತ್ತ ನಿಧಾನವಾಗಿ ಓಡಿಸಿದನು. ೧೯೬೨ರ ಕೊನೆಯಲ್ಲಿ ಅಮೆರಿಕದ ಆರಿಗನ್ ಸಂಸ್ಥಾನದ ವ್ಯಾಯಾಮಶಿಕ್ಷಕ ಬಿಲ್ ಬೋವರ್ಮನ್ ಅಲ್ಲಿಗೆ ಬಂದನು. ಒಂದು ಬೆಳಿಗ್ಗೆ ಈ ಗುಂಪಿನೊಡನೆ ಹೊರಟ ಆತನನ್ನು ಎಪ್ಪತ್ತು ದಾಟಿದ ವೃದ್ಧರೊಬ್ಬರು ಹಿಂದಿಕ್ಕಿದರು. ಬೋವರ್ಮನ್ ಊರಿಗೆ ಹಿಂದಿರುಗಿ ತನ್ನ ಪಟ್ಟಣದ ಗೃಹಸ್ಥರಿಗೆ ತರಗತಿಗಳನ್ನು ನಡೆಸಿ, ೧೯೬೭ರಲ್ಲಿ ಒಬ್ಬ ಹೃದಯವೈದ್ಯರೊಡನೆ ಕೂಡಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಆ ದೇಶದಲ್ಲಿ ಸಾಮಾನ್ಯರ ಓಟವು ಹರಡಿದ್ದು ಅದರಿಂದ. ಒಂದು ದಿನ ಶ್ರಮಪಟ್ಟರೆ ಮರುದಿನ ಹಗುರವಾಗಿರಬೇಕೆಂಬುದು ಆತನ ನಿಯಮ. ಹುರಿಯಾಳುಗಳಿಗೇ ಆತನು ಈ ನಿಯಮವನ್ನು ಹಾಕಿದ್ದನೆಂದರೆ, ಐವತ್ತು ವರ್ಷದ ಗುಮಾಸ್ತರು ಏಳು ದಿನವೂ ಒಂದೇ ಸಮನೆ ಓಡುವುದರಲ್ಲಿ ಏನರ್ಥವಿದೆ?

ಓಡುವವರ ನಡುವೆ ಸ್ಮೃತಿವಾಕ್ಯದಂತೆ ನಡೆದು ಬಂದಿರುವ ಇನ್ನೊಂದು ನಿಯಮವುಂಟು: ಒಂದು ವಾರದ ಮೊತ್ತಕ್ಕಿಂತ ಮುಂದಿನ ವಾರದ ಮೊತ್ತವು ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚಬಾರದು. ಇದು ೧೯೮೦ರ ಸುಮಾರಿಗೆ ಅಮೆರಿಕದ ಓಟದ ಪುಸ್ತಕಗಳ ಮೂಲಕ ಪ್ರಚಾರಕ್ಕೆ ಬಂದಿತು. ಎಚ್ಚರಿಕೆಯ ಮಾತೆಂಬ ಮಟ್ಟಿಗೆ ಒಳ್ಳೆಯದೇ. ಆದರೆ ಬಹುಕಾಲ ಹುಡುಗರಿಗೆ ಚಕ್ರಬಡ್ಡಿಯ ಲೆಕ್ಕ ಹೇಳಿದ ನಮಗೆ ಇದರಲ್ಲಿ ಒಂದು ವಿನೋದವು ಕಾಣುವುದು. ವಾರಕ್ಕೆ ಎರಡು ಮೈಲಿ ಓಡುವವನು ಇದರ ಪ್ರಕಾರ ಮುಂದಿನ ವಾರ ಮುನ್ನೂರೈವತ್ತು ಗಜ ಮಾತ್ರ ಹೆಚ್ಚಿಸಬಹುದು. ನಲವತ್ತು ಮೈಲಿ ಓಡುವವನು ಇದನ್ನೇ ಎಂಟು ಸಲ ಪಾಲಿಸಿದರೆ ಎಂಬತ್ತೈದು ಮೈಲಿಗೆ ಮುಟ್ಟುವನು. ಮೊದಲನೆಯವನಿಗೆ ಅತಿ ಜಿಪುಣತನ, ಎರಡನೆಯವನಿಗೆ ಅತಿ ಔದಾರ್ಯ. ಹಾಲೆಂಡ್ ದೇಶದ ಗ್ರೋನಿಂಗೆನ್ ನಗರದ ಪಂಡಿತರು ಇದನ್ನು ಪರೀಕ್ಷಿಸಿ ೨೦೦೮ರಲ್ಲಿ ಫಲವನ್ನು ಪ್ರಕಟಿಸಿದರು. ಹೊಸದಾಗಿ ಓಡಲು ಬಂದ ೫೩೨ ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹತ್ತರ ನಿಯಮದ ಮೇರೆಗೆ ಹದಿಮೂರು ವಾರಗಳ ಪಾಠವನ್ನೂ, ಇನ್ನೊಂದಕ್ಕೆ ಎಂಟು ವಾರಗಳ ವಾಡಿಕೆಯ ಪಾಠವನ್ನೂ ಕೊಟ್ಟರು. ಎರಡರಲ್ಲಿಯೂ ನೂರಕ್ಕೆ ಇಪ್ಪತ್ತು ಚಿಲ್ಲರೆ ಮಂದಿ ನೋವಿಗೆ ಸಿಕ್ಕಿದರು. ನಿಯಮದಿಂದ ಕೇಡಾಗಲಿಲ್ಲ, ವಿಶೇಷ ರಕ್ಷಣೆಯೂ ದೊರೆಯಲಿಲ್ಲ.

ಹಾಗಾದರೆ ಕೇಡು ಎಲ್ಲಿಂದ ಬರುವುದು? ನಮ್ಮ ಸ್ನೇಹಿತರೊಬ್ಬರ ಸಂಗತಿಯನ್ನು ಹೇಳುವೆವು. ವಯಸ್ಸು ಐವತ್ತೆರಡು, ಸರ್ಕಾರಿ ಉದ್ಯೋಗ, ಮಿತಾಹಾರಿ, ಸತ್ಯವಂತರು. ಅವರ ಸತ್ಯವೇ ಅವರಿಗೆ ಮುಳುವಾಯಿತು. ವಾರಕ್ಕೆ ಹದಿನೈದು ಮೈಲಿಯೆಂದು ಸಂಕಲ್ಪ ಮಾಡಿದ್ದರು. ದಿನಕ್ಕೆ ಮೂರರಂತೆ ಐದು ದಿನ ಚೆನ್ನಾಗಿಯೇ ನಡೆಯುತ್ತಿತ್ತು. ಮಗಳ ಮದುವೆ ಗೊತ್ತಾಯಿತು. ಜವಳಿ, ಛತ್ರ, ಆಹ್ವಾನಪತ್ರಿಕೆ, ಬೀಗರ ಉಪಚಾರ, ಇವುಗಳಲ್ಲಿ ಒಂದು ವಾರ ಎರಡು ದಿನ ಮಾತ್ರ ಓಡಲಾಯಿತು. ಶನಿವಾರ ರಾತ್ರಿ ಲೆಕ್ಕ ನೋಡಿದರೆ ಒಂಬತ್ತು ಮೈಲಿ ಬಾಕಿ. ಭಾನುವಾರ ಬೆಳಿಗ್ಗೆ ಎದ್ದು ಕೆರೆಯನ್ನು ಮೂರು ಸುತ್ತು ಸುತ್ತಿ ಬಾಕಿಯನ್ನು ತೀರಿಸಿದರು. ಆ ಹೊತ್ತಿಗೆ ಯಾವ ನೋವೂ ಇರಲಿಲ್ಲ, ಉಸಿರೂ ಸರಾಗವಾಗಿತ್ತು. ಮುಂದಿನ ಎರಡು ಭಾನುವಾರಗಳಲ್ಲಿಯೂ ಹಾಗೆಯೇ ಮಾಡಿದರು. ಮೂರನೆಯ ಸಲದ ಬಳಿಕ ಮೊಣಕಾಲಿನ ಕೆಳಗಣ ಎಲುಬಿನಲ್ಲಿ ಒಂದು ಬೆರಳಿನ ಅಗಲದ ಸ್ಥಳದಲ್ಲಿ ನೋವು ಹುಟ್ಟಿತು. ವೈದ್ಯರು ಕೂದಲೆಳೆಯಂಥ ಬಿರುಕೆಂದು ಹೇಳಿದರು. ಧಾರೆಯ ದಿನ ಅವರು ಊರುಗೋಲು ಹಿಡಿದು ಮಂಟಪಕ್ಕೆ ಬಂದು, ಎದ್ದು ನಿಂತು ಮಾಡತಕ್ಕ ಕರ್ಮಗಳನ್ನು ಕುಳಿತು ಮಾಡಿದರು. ಮಗಳು ಅತ್ತಿದ್ದು ತವರನ್ನು ಬಿಡುವ ದುಃಖಕ್ಕೋ ತಂದೆಯ ಕಾಲನ್ನು ನೋಡಿಯೋ, ನಾವು ಕೇಳಲಿಲ್ಲ.

ಇವರ ವಾರದ ಮೊತ್ತವು ಯಾವ ವಾರವೂ ಹದಿನೈದನ್ನು ಮೀರಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹತ್ತರ ನಿಯಮವು ಇವರನ್ನು ಹಿಡಿಯಲಾರದು. ದಿನಕ್ಕೆ ಮೂರು ಮೈಲಿಗೆ ಒಗ್ಗಿದ ಕಾಲಿಗೆ ಒಂದೇ ಬೆಳಿಗ್ಗೆ ಒಂಬತ್ತು ಬಿದ್ದಿತು. ತಿಂಗಳಿಗೆ ಮೂವತ್ತು ಸೇರು ಅಕ್ಕಿ ಬೇಯಿಸುವ ಮನೆಯಲ್ಲಿ ದಿನಕ್ಕೊಂದು ಸೇರಿನಂತೆ ಉಂಡರೂ ಮೂವತ್ತೇ, ಇಪ್ಪತ್ತೊಂಬತ್ತು ದಿನ ಉಪವಾಸವಿದ್ದು ಕಡೆಯ ದಿನ ಎಲ್ಲವನ್ನೂ ಉಂಡರೂ ಮೂವತ್ತೇ. ಮೊತ್ತವು ಇದನ್ನು ಹೇಳಲಾರದು.

ಇದು ನಮ್ಮ ಊಹೆ ಮಾತ್ರವಲ್ಲ. ೨೦೨೫ರಲ್ಲಿ ಡೆನ್ಮಾರ್ಕ್ ದೇಶದ ಸಂಶೋಧಕರು ೮೭ ದೇಶಗಳ ೫,೨೦೫ ಓಟಗಾರರನ್ನು ಅವರ ಕೈಗಡಿಯಾರಗಳ ಮೂಲಕ ಒಂದೂವರೆ ವರ್ಷ ಅನುಸರಿಸಿದ ವರದಿಯನ್ನು ಪ್ರಕಟಿಸಿದರು. ಇವರ ವಯಸ್ಸು ಸರಾಸರಿ ನಲವತ್ತಾರರ ಹತ್ತಿರ. ಎಂದರೆ ನಮ್ಮ ಕೆರೆಯ ದಾರಿಯ ಜನರೇ ಎನ್ನಬಹುದು. ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚಾಗಿ ಆ ಅವಧಿಯಲ್ಲಿ ನೋವಿಗೆ ಈಡಾದರು. ವಾರದಿಂದ ವಾರಕ್ಕೆ ಮೊತ್ತವು ಏರಿದುದಕ್ಕೂ ನೋವಿಗೂ ಸಂಬಂಧವು ಕಾಣಬರಲಿಲ್ಲ. ಆದರೆ ಯಾವನಾದರೂ ಒಂದು ದಿನದ ಓಟದಲ್ಲಿ, ಹಿಂದಿನ ಮೂವತ್ತು ದಿನಗಳ ತನ್ನ ಅತಿ ಉದ್ದದ ಓಟವನ್ನು ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಮೀರಿದನೋ, ಅಲ್ಲಿ ಅಪಾಯವು ಸ್ಪಷ್ಟವಾಗಿ ಏರಿತು. ಇಮ್ಮಡಿಯನ್ನು ಮೀರಿದಲ್ಲಿ ಅಪಾಯವೂ ಇಮ್ಮಡಿಗಿಂತ ಹೆಚ್ಚಾಯಿತು. ನೋವುಗಳೆಲ್ಲವೂ ಓಟಗಾರರೇ ಬರೆದು ತಿಳಿಸಿದವು, ಅಧ್ಯಯನವೂ ಒಂದೇ. ಆದುದರಿಂದ ಇದನ್ನು ಅಂತಿಮ ಸಿದ್ಧಾಂತವೆಂದು ನಾವು ಸಾರುವುದಿಲ್ಲ. ಆದರೂ ಹತ್ತರ ನಿಯಮವು ತಪ್ಪು ಮನೆಯ ಬಾಗಿಲಲ್ಲಿ ಕಾವಲು ನಿಂತಿತ್ತೆಂದು ತೋರುವುದು. ಕಾಯಬೇಕಾದುದು ವಾರವನ್ನಲ್ಲ, ಭಾನುವಾರವನ್ನು.

ಇದರ ಕಾರಣವು ದೇಹದ ರಚನೆಯಲ್ಲಿಯೇ ಇರುವುದು. ಓಡತೊಡಗಿದವನಿಗೆ ಎರಡು ಮೂರು ವಾರಗಳಲ್ಲಿ ಏದುಸಿರು ತಗ್ಗುವುದು. ರಕ್ತದ ದ್ರವಭಾಗವು ಹೆಚ್ಚುವುದು, ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುವುದು. ಇವೆಲ್ಲವೂ ಶೀಘ್ರವಾಗಿ ಕಲಿಯುವ ಶಿಷ್ಯರು. ಎಲುಬೂ, ಮಾಂಸವನ್ನು ಎಲುಬಿಗೆ ಬಿಗಿಯುವ ಕಂಡರಗಳೂ ಮಂದಶಿಷ್ಯರು. ಹೊಸ ಭಾರವು ಬಿದ್ದಾಗ ದೇಹವು ಮೊದಲು ಹಳೆಯ ಎಲುಬಿನ ಕಣಗಳನ್ನು ಕರಗಿಸಿ, ಆಮೇಲೆ ಆ ಸ್ಥಳದಲ್ಲಿ ಹೊಸತನ್ನು ತುಂಬುವುದು. ಈ ಕಾರ್ಯವು ಪೂರೈಸಲು ಮೂರು ನಾಲ್ಕು ತಿಂಗಳು ಬೇಕು. ಹಳೆಯ ಇಟ್ಟಿಗೆಯನ್ನು ಕಿತ್ತು ಹೊಸತನ್ನು ಕೂರಿಸುವುದರೊಳಗೆ ಗೋಡೆಯು ಮೊದಲಿಗಿಂತಲೂ ದುರ್ಬಲವಾಗಿರುವುದಷ್ಟೆ. ಸೈನ್ಯಕ್ಕೆ ಹೊಸದಾಗಿ ಸೇರಿದವರಲ್ಲಿ ಕಾಲಿನ ಎಲುಬಿನ ಬಿರುಕು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿಯೇ ಕಾಣುವುದಕ್ಕೆ ಇದೇ ಕಾರಣ. ಒಂದು ಮೈಲಿಗೆ ಸುಮಾರು ೧,೫೦೦ ಹೆಜ್ಜೆ. ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರರಷ್ಟು ಪೆಟ್ಟು ಪಾದಕ್ಕೆ. ಉಸಿರು ‘ಇನ್ನೂ ಓಡಬಲ್ಲೆ’ ಎನ್ನುತ್ತಿರುವಾಗ ಎಲುಬು ಮೌನವಾಗಿರುವುದು. ನಮ್ಮ ಸ್ನೇಹಿತರು ಆ ಮೌನವನ್ನು ಸಮ್ಮತಿಯೆಂದು ತಿಳಿದರು.

ನಮ್ಮ ಆಯುರ್ವೇದ ಗ್ರಂಥಗಳಲ್ಲಿ ವ್ಯಾಯಾಮದ ಪ್ರಮಾಣವನ್ನು ದೂರದಿಂದ ಅಳೆದಿಲ್ಲ, ಶಕ್ತಿಯಿಂದ ಅಳೆದಿರುವರು. ಬಲವುಳ್ಳವನು ತನ್ನ ಬಲದ ಅರ್ಧವನ್ನು ಮಾತ್ರ ಉಪಯೋಗಿಸಬೇಕು ಎಂಬುದು ಸುಶ್ರುತನಿಗೂ ವಾಗ್ಭಟನಿಗೂ ಸಮಾನವಾದ ಮತ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಒಳಗಣ ವಾಯುವು ಬಾಯಿಗೆ ಬರತೊಡಗಿದಾಗ, ಎಂದರೆ ಬಾಯಿಯಿಂದ ಉಸಿರಾಡಬೇಕಾಗಿ ಬಂದಾಗ, ಅರ್ಧವಾಯಿತೆಂದು ಸುಶ್ರುತನು ಲಕ್ಷಣ ಹೇಳುವನು. ಓಡುತ್ತ ಸಂಗಡಿಗನೊಡನೆ ಮಾತನಾಡಲು ಆಗುತ್ತದೆಯೇ ನೋಡಿರೆಂದು ಇಂದಿನ ಶಿಕ್ಷಕರು ಹೇಳುವ ಪರೀಕ್ಷೆಗೂ ಇದಕ್ಕೂ ಬಹಳ ದೂರವಿಲ್ಲ. ವಾಗ್ಭಟನು ಋತುವನ್ನೂ ಸೇರಿಸಿರುವನು: ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತೆಂದು ವಾದಿಸುವ ಪಂಗಡಕ್ಕೆ ನಾವು ಸೇರಿದವರಲ್ಲ. ಎಲುಬು ಉಸಿರಿಗಿಂತ ನಿಧಾನವೆಂಬ ಸೂಕ್ಷ್ಮವು ಆ ಲಕ್ಷಣದಲ್ಲಿ ಇಲ್ಲ. ಅದನ್ನು ಈಗಿನ ಶಾಸ್ತ್ರದಿಂದಲೇ ಕಲಿಯಬೇಕು.

ಆರೋಗ್ಯಕ್ಕೆ ನಿಜವಾಗಿ ಎಷ್ಟು ಬೇಕು? ಓಟವನ್ನು ಸಾಮಾನ್ಯರ ಔಷಧವಾಗಿ ಪ್ರಚಾರ ಮಾಡಿ ೧೯೬೮ರಲ್ಲಿ ಪ್ರಸಿದ್ಧವಾದ ಪುಸ್ತಕವನ್ನು ಬರೆದ ಅಮೆರಿಕದ ವೈದ್ಯ ಕೆನೆತ್ ಕೂಪರ್ ಎಂಬವರೇ ಮುಂದೆ, ವಾರಕ್ಕೆ ಹದಿನೈದು ಮೈಲಿಗಿಂತ ಹೆಚ್ಚಾಗಿ ಓಡುವವನು ಆರೋಗ್ಯವಲ್ಲದ ಬೇರೆ ಯಾವುದೋ ಕಾರಣಕ್ಕಾಗಿ ಓಡುವನೆಂಬ ಅಭಿಪ್ರಾಯಕ್ಕೆ ಬಂದರು. ಅವರು ಸ್ಥಾಪಿಸಿದ ಡಲ್ಲಾಸ್ ನಗರದ ಚಿಕಿತ್ಸಾಲಯದ ೫೫,೧೩೭ ಜನರನ್ನು ಸರಾಸರಿ ಹದಿನೈದು ವರ್ಷ ಅನುಸರಿಸಿದ ಲೆಕ್ಕವು ೨೦೧೪ರಲ್ಲಿ ಹೊರಬಂದಿತು. ಓಡುವವರಲ್ಲಿ ಹೃದ್ರೋಗಾದಿಗಳಿಂದಾಗುವ ಮರಣವು ಓಡದವರಿಗಿಂತ ನೂರಕ್ಕೆ ನಲವತ್ತೈದರಷ್ಟು ಕಡಿಮೆಯಿತ್ತು. ಸ್ವಾರಸ್ಯವೇನೆಂದರೆ, ವಾರಕ್ಕೆ ಆರು ಮೈಲಿಗಿಂತ ಕಡಿಮೆ ಓಡುವವರಿಗೂ, ದಿನಕ್ಕೆ ಐದು ಹತ್ತು ನಿಮಿಷ ಮಾತ್ರ ಓಡುವವರಿಗೂ ಈ ಲಾಭದ ಬಹುಭಾಗವು ದೊರೆತಿತ್ತು. ಹೆಚ್ಚು ಓಡುವುದು ಪಾಪವಲ್ಲ. ಮ್ಯಾರಥಾನ್ ಓಡಬೇಕೆಂಬ ಆಸೆಯೂ ವೀಣೆ ಕಲಿಯಬೇಕೆಂಬ ಆಸೆಯಂತೆಯೇ ಗೌರವಕ್ಕೆ ಅರ್ಹವಾದುದು. ಆದರೆ ಆರನೆಯ ಮೈಲಿಯವರೆಗೆ ಔಷಧ, ಅದರಾಚೆಗೆ ಬಹುಮಟ್ಟಿಗೆ ಅಭಿಲಾಷೆ ಎಂಬುದು ಮನೆಯವರೆಲ್ಲರಿಗೂ ತಿಳಿದಿರಲಿ. ಮೇಲೆ ಹೇಳಿದ ನಲವತ್ತು ನಿಮಿಷದವರನ್ನು ವಿವೇಕಿಗಳೆಂದದ್ದು ಇದಕ್ಕಾಗಿಯೇ. ತಮಗೆ ತಿಳಿಯದೆಯೇ ಅವರು ಸಾಕಾದಷ್ಟನ್ನು ಪಡೆಯುತ್ತಿರುವರು, ಯಾವ ಒಂದು ದಿನವೂ ಉಳಿದ ದಿನಗಳನ್ನು ಮೀರುವುದಕ್ಕೆ ಅವರ ಬಸ್ಸು ಅವಕಾಶ ಕೊಡದು.

ದಿನವೂ ತಪ್ಪದೆ ಓಡಬೇಕೇ ಎಂದು ಕೇಳುವವರು ಇಂಗ್ಲೆಂಡಿನ ರಾನ್ ಹಿಲ್ ಎಂಬಾತನನ್ನು ಉದಾಹರಿಸುವರು. ೧೯೭೦ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದ ಈತನು ೧೯೬೪ರ ಡಿಸೆಂಬರಿನಿಂದ ೨೦೧೭ರ ಜನವರಿಯವರೆಗೆ, ಐವತ್ತೆರಡು ವರ್ಷಗಳ ಕಾಲ, ದಿನಕ್ಕೆ ಒಂದು ಮೈಲಿಯಾದರೂ ಓಡದೆ ಇರಲಿಲ್ಲ. ಮೋಟಾರು ಅಪಘಾತದಲ್ಲಿ ಎದೆಯ ಎಲುಬು ಮುರಿದಾಗಲೂ ಬಿಡಲಿಲ್ಲ. ಕೊನೆಗೆ ಓಡುತ್ತಿರುವಾಗ ಎದೆನೋವು ಕಾಣಿಸಿತು, ನಿಲ್ಲಿಸಿದನು. ಐವತ್ತೆರಡು ವರ್ಷದ ವ್ರತಕ್ಕಿಂತ ಆ ನಿಲ್ಲಿಸುವಿಕೆಯೇ ನಮಗೆ ದೊಡ್ಡದಾಗಿ ಕಾಣುವುದು. ಎದೆಯಲ್ಲಿ ನೋವು, ಕಣ್ಣು ಕತ್ತಲಿಡುವುದು, ಅಥವಾ ಎಲುಬಿನ ಒಂದೇ ಸ್ಥಳದಲ್ಲಿ ಓಡಿದಷ್ಟೂ ಹೆಚ್ಚಿ ರಾತ್ರಿಯೂ ಬಿಡದ ನೋವು, ಇವು ಬಂದ ದಿನ ಲೆಕ್ಕದ ಪುಸ್ತಕವನ್ನು ಮುಚ್ಚಿ ವೈದ್ಯರಲ್ಲಿಗೆ ಹೋಗತಕ್ಕದ್ದು.

ಗೃಹಿಣಿಯರ ವಿಷಯವನ್ನು ಹೇಳದೆ ಬಿಡಲಾಗದು. ನಮಗೆ ಪರಿಚಿತರಾದ ಒಬ್ಬ ಉಪಾಧ್ಯಾಯಿನಿಯು ವಾರಕ್ಕೆ ನಾಲ್ಕು ದಿನ, ಹಾಲು ಬರುವುದಕ್ಕೂ ಒಲೆ ಹಚ್ಚುವುದಕ್ಕೂ ನಡುವೆ ಇಪ್ಪತ್ತೈದು ನಿಮಿಷ ಓಡುವರು. ಮೈಲಿಯನ್ನು ಎಣಿಸಿಯೇ ಇಲ್ಲವೆಂದು ಹೇಳಿದರು. ಕತ್ತಲಿರುವಾಗ ದಾರಿಯು ನಿರ್ಭಯವಲ್ಲವಾದುದರಿಂದ ಬೆಳಕಾಗುವ ಹೊತ್ತೇ ಅವರ ಅಂಕಿಯನ್ನು ಗೊತ್ತುಮಾಡುವುದು. ಗಂಡಸರು ಅಂಕಿ ಹೇಳುವಾಗ ಇನ್ನೊಂದು ಖರ್ಚನ್ನು ಬರೆಯುವುದಿಲ್ಲ: ಭಾನುವಾರ ಯಜಮಾನರು ಮೂರು ಗಂಟೆ ಹೊರಗಿದ್ದರೆ ಆ ಮೂರು ಗಂಟೆಯ ಮನೆಗೆಲಸವು ಯಾರ ಲೆಕ್ಕಕ್ಕೆ ಬೀಳುವುದೆಂಬುದು. ಮತ್ತೊಂದು ಮುಖ್ಯ ವಿಷಯ. ೨೦೧೯–೨೧ರ ರಾಷ್ಟ್ರೀಯ ಕುಟುಂಬಾರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಐವತ್ತೇಳು ಮಂದಿಗೆ ರಕ್ತಹೀನತೆಯಿತ್ತು. ಇಂಥವರು ಓಡುವಾಗ ಬೇಗನೆ ಬಳಲಿದರೆ ಅದು ಅಭ್ಯಾಸದ ಕೊರತೆಯೆಂದು ತಿಳಿದು ಮೈಲಿಯನ್ನು ಏರಿಸುವುದು ವಿಪರೀತ ಚಿಕಿತ್ಸೆ. ಮೊದಲು ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಓಡುವ ದಿನ ಊಟವನ್ನು ಕಡಿಮೆ ಮಾಡುವ ವಾಡಿಕೆಯೂ ಎಲುಬಿಗೆ ಕೇಡು. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವವರಿಗೆ ಇದನ್ನು ಎರಡು ಸಲ ಹೇಳಬೇಕು.

ಹೊಸದಾಗಿ ತೊಡಗುವ ಐವತ್ತರ ಗೃಹಸ್ಥರು ನಮ್ಮನ್ನು ಕೇಳಿದರೆ ಹೀಗೆ ಹೇಳುವೆವು. ರಕ್ತದ ಒತ್ತಡ, ಸಕ್ಕರೆ, ಎದೆ, ಇವುಗಳನ್ನು ಒಮ್ಮೆ ತೋರಿಸಿಕೊಂಡು, ಕಾರ್ತಿಕ ಮಾಸದ ತಂಪಿನಲ್ಲಿ ಪ್ರಾರಂಭಿಸುವುದು. ದಿನ ಬಿಟ್ಟು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಮನೆಯ ಪಂಚಾಂಗದ ತಿಥಿಯ ಪಕ್ಕದಲ್ಲಿ ಆ ದಿನದ ದೂರವನ್ನು ಪೆನ್ಸಿಲಿನಿಂದ ಬರೆದಿಡಬಹುದು. ವಾರದ ಕೊನೆಗೆ ಕೂಡುವ ಅಗತ್ಯವಿಲ್ಲ. ಅದಕ್ಕೆ ಬದಲು ಕಳೆದ ಮೂವತ್ತು ದಿನಗಳಲ್ಲಿ ಅತಿ ಉದ್ದದ ಓಟವು ಯಾವುದೆಂದು ನೋಡಿ ಅದಕ್ಕೊಂದು ಗುರುತು ಹಾಕುವುದು. ನಾಳೆಯ ಓಟವು ಆ ಗುರುತಿನ ಒಳಗಿದ್ದರೆ ಚಿಂತೆಯಿಲ್ಲ. ಮೀರುವುದಾದರೆ ಮೂರು ಮೈಲಿಗೆ ಎರಡು ಫರ್ಲಾಂಗಿನಷ್ಟು ಮೀರಲಿ. ತಪ್ಪಿದ ದಿನದ ಬಾಕಿಯನ್ನು ಮುಂದಿನ ದಿನಕ್ಕೆ ಸೇರಿಸಕೂಡದು. ಅದು ವಜಾ ಆದ ಸಾಲ.

ಜ್ವರವೋ ಮದುವೆಯೋ ಯಾತ್ರೆಯೋ ಬಂದು ತಿಂಗಳು ಪೂರ್ತಿ ತಪ್ಪಿದರೆ ಗುರುತು ತಾನಾಗಿ ಕೆಳಕ್ಕೆ ಇಳಿದಿರುವುದು. ಆಗ ಹಳೆಯ ಅಂಕಿಯನ್ನು ನೆನೆಯದೆ ಆ ಕೆಳಗಿನ ಗುರುತಿನಿಂದಲೇ ಹೊರಡಬೇಕು. ಡೆಂಗೆಯಂಥ ಜ್ವರದಿಂದ ಎದ್ದವರು ವೈದ್ಯರ ಅಪ್ಪಣೆಯಾಗುವವರೆಗೆ ನಡಿಗೆಯಲ್ಲಿಯೇ ಇರಬೇಕು. ಯುಗಾದಿ ಕಳೆದು ಬಿಸಿಲೇರಿದ ಮೇಲೆ ಸೂರ್ಯೋದಯಕ್ಕೆ ಓಟವು ಮುಗಿದಿರುವಂತೆ ದೂರವನ್ನು ಕುಗ್ಗಿಸಿ, ಮುಂಗಾರು ಹಿಡಿದು ಗಾಳಿ ತಂಪಾದ ಬಳಿಕ ಮತ್ತೆ ಮೆಲ್ಲಮೆಲ್ಲನೆ ಹಿಗ್ಗಿಸಬಹುದು. ಆಗ ಏರಿಯ ಮೇಲಿನ ಮಣ್ಣು ಜಾರುವುದರಿಂದ ಹೆಜ್ಜೆ ಮಾತ್ರ ಚಿಕ್ಕದಾಗಿರಲಿ.